ಏರ್ ರೈಫಲ್ ಪೆಲೆಟ್ ವಿಮರ್ಶೆ: ಬ್ರಾಂಡ್ ನೋಡುವ ಮೊದಲು ಲಾಟ್ ನೋಡಿ

ಪುಣೆಯ ಬಾಲೆವಾಡಿ ಕ್ರೀಡಾ ಸಂಕುಲದಲ್ಲೋ ಮುಂಬಯಿಯ ವರ್ಲಿ ರೇಂಜ್‌ನಲ್ಲೋ ಮಕ್ಕಳನ್ನು ಶೂಟಿಂಗ್‌ಗೆ ಸೇರಿಸಿರುವ ಕನ್ನಡದ ಮನೆಯವರು ರೈಫಲ್ ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತಾರೆ, ಜಾಕೆಟ್ ಹೊಲಿಸುವಾಗ ಮೂರು ಸಲ ಅಳತೆ ಕೊಡುತ್ತಾರೆ. ಪೆಲೆಟ್ ವಿಷಯಕ್ಕೆ ಬಂದರೆ ಮಾತ್ರ ಅಂಗಡಿಯವರು ಕೈಗಿಟ್ಟ ಡಬ್ಬಿಯನ್ನು ಹಾಗೇ ತರುತ್ತಾರೆ. ಗುರಿಯನ್ನು ಹೋಗಿ ಮುಟ್ಟುವುದು ರೈಫಲ್ಲೂ ಅಲ್ಲ, ಜಾಕೆಟ್ಟೂ ಅಲ್ಲ, ಅರ್ಧ ಗ್ರಾಂ ತೂಗುವ ಆ ಸೀಸದ ತುಣುಕು. ಇಲ್ಲಿನ ಶೂಟರ್‌ಗಳ ಕೈಯಲ್ಲಿ ಹೆಚ್ಚಾಗಿ ಕಾಣುವ ಮ್ಯಾಚ್ ಪೆಲೆಟ್‌ಗಳು ಹೇಗಿವೆ, ಯಾರಿಗೆ ಯಾವುದು ಸಾಕು, ಕೊಂಡ ಮೇಲೆ ಹೇಗೆ ಪರೀಕ್ಷಿಸಬೇಕು ಎಂಬುದನ್ನು ನೋಡೋಣ.

ಮೊದಲು ಕ್ಯಾಲಿಬರ್, ಅಂದರೆ ಬ್ಯಾರೆಲ್‌ನ ಒಳವ್ಯಾಸದ (ಬೋರ್) ಮಾತು. ಅಮೆರಿಕದ ಲಿವರ್ ಆಕ್ಷನ್ ರೈಫಲ್‌ಗಳ, ಅಂದರೆ ಟ್ರಿಗರ್ ಬಳಿಯ ಸನ್ನೆ ಎಳೆದು ಗುಂಡು ತುಂಬುವ ಬಂದೂಕುಗಳ ವಿಡಿಯೊ ನೋಡಿ ಬಂದ ಹುಡುಗರು "ದೊಡ್ಡ ಬೋರ್ ಇದೆಯಾ" ಎಂದು ಕೇಳುವುದುಂಟು. ಅದು ಬೇರೆಯೇ ಲೋಕ. 1873ರಲ್ಲಿ ಬಂದ .45-70 ಕಾಟ್ರಿಜ್‌ನ ಮೂಲ ಗುಂಡು 405 ಗ್ರೇನ್, ಅಂದರೆ ಸುಮಾರು 26 ಗ್ರಾಂ. ನಮ್ಮ ಪೆಲೆಟ್‌ಗಿಂತ ಹತ್ತಿರಹತ್ತಿರ ಐವತ್ತು ಪಟ್ಟು ತೂಕ. 1964ರ .444 ಮಾರ್ಲಿನ್ ಕೂಡ ಅದೇ ಜಾತಿಯದು. ದೊಡ್ಡ ಪ್ರಾಣಿಯ ಬೇಟೆಗೆಂದು ಆಯ್ದುಕೊಳ್ಳುವ ಗುಂಡುಗಳವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಆಯ್ಕೆಗೆ ಅರ್ಥವೇ ಉಳಿದಿಲ್ಲ. ಏರ್ ರೈಫಲ್‌ನಲ್ಲೂ ದೊಡ್ಡ ಬೋರ್‌ನಿಂದ ಲಾಭವಿಲ್ಲ. 10 ಮೀಟರ್ ಸ್ಪರ್ಧೆಗೆ 4.5 ಮಿ.ಮೀ., ಅಂದರೆ .177 ಇಂಚು ಒಂದೇ ಕ್ಯಾಲಿಬರ್. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177ಕ್ಕಿಂತ ದೊಡ್ಡ ಬೋರ್ ಇದ್ದರೆ, ಇಲ್ಲವೇ ಬ್ಯಾರೆಲ್‌ನ ಬಾಯಲ್ಲಿ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕು. ಸ್ಪರ್ಧೆಯ ರೈಫಲ್ 8 ಜೂಲ್ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತದೆ. 5.5 ಮಿ.ಮೀ. ರೈಫಲ್ ತೆಗೆದುಕೊಂಡು ಅದರಲ್ಲೇ ಸ್ಪರ್ಧೆಗೂ ತಯಾರಾಗೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಲಿವರ್ ಆಕ್ಷನ್ ಗುಂಡಿಗೂ ನಮ್ಮ ಪೆಲೆಟ್‌ಗೂ ಒಂದು ಹೋಲಿಕೆ ಇದೆ, ಎರಡಕ್ಕೂ ಮೂತಿ ಚಪ್ಪಟೆ. ಕಾರಣ ಮಾತ್ರ ಬೇರೆ. ಅಲ್ಲಿ ಬ್ಯಾರೆಲ್ ಕೆಳಗಿನ ಕೊಳವೆಯಲ್ಲಿ ಕಾಟ್ರಿಜ್‌ಗಳು ಒಂದರ ಹಿಂದೆ ಒಂದು ಕೂತಿರುತ್ತವೆ. ಮೂತಿ ಚೂಪಾಗಿದ್ದರೆ ಮುಂದಿನದರ ಹಿಂಬದಿಯ ಕಿಡಿಮದ್ದಿಗೆ (ಪ್ರೈಮರ್) ಹೊಡೆದು ಸಿಡಿಯುವ ಅಪಾಯ. ಇಲ್ಲಿ ಚಪ್ಪಟೆ ಮೂತಿ ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ತಕರಾರು ಬರುವುದಿಲ್ಲ. ಚೂಪು ಅಥವಾ ಗೋಳದ ಮೂತಿಯ ಪೆಲೆಟ್ ದೂರಕ್ಕೆ ಒಳ್ಳೆಯದು, 10 ಮೀಟರ್‌ಗೆ ಬೇಡ. ಕಾಗದದ ಮೇಲೆ ಅದು ಬಿಡುವ ತೂತಿನ ಅಂಚು ಹರಿದು, 9.9 ಆಯಿತೋ 10.0 ಆಯಿತೋ ಗೊತ್ತಾಗುವುದಿಲ್ಲ.

ಇನ್ನು ಅಂಕದ ಲೆಕ್ಕ. ಪೆಲೆಟ್‌ಗೆ ಎಷ್ಟು ದುಡ್ಡು ಹಾಕಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ರೈಫಲ್ ಟಾರ್ಗೆಟ್‌ನಲ್ಲಿ 10ರ ಚುಕ್ಕೆಯ ವ್ಯಾಸ 0.5 ಮಿ.ಮೀ. ಮಾತ್ರ. ಪೆಲೆಟ್‌ನ ಅಂಚು ಅದಕ್ಕೆ ತಾಗಿದರೂ 10.0 ಸಿಗುತ್ತದೆ. ಪೆಲೆಟ್‌ನ ನಡುಬಿಂದು ಟಾರ್ಗೆಟ್‌ನ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಆಯಿತು ಎಂದರ್ಥ. ಅಲ್ಲಿಂದ ಒಳಕ್ಕೆ 0.25 ಮಿ.ಮೀ. ಸರಿದಾಗಲೆಲ್ಲ 0.1 ಅಂಕ ಏರುತ್ತದೆ. 10.9 ಬೇಕಿದ್ದರೆ ನಡುವಿನಿಂದ ಕಾಲು ಮಿಲಿಮೀಟರ್ ಒಳಗೇ ಬೀಳಬೇಕು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಈಗ ನವಿ ಮುಂಬಯಿಯಲ್ಲಿ ತರಬೇತಿ ಕೊಡುತ್ತಿರುವ ಸುಮಾ ಶಿರೂರು ಅವರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದಾಗ ಅರ್ಹತಾ ಸುತ್ತಿನಲ್ಲಿ ದಶಾಂಶ ಇರಲಿಲ್ಲ, 10.0 ಬಿದ್ದರೂ 10.9 ಬಿದ್ದರೂ ಹತ್ತೇ. 2013ರಿಂದ ಅರ್ಹತಾ ಸುತ್ತಿಗೂ ದಶಾಂಶ ಬಂತು. ಈಗ 60 ಗುಂಡಿಗೆ ಗರಿಷ್ಠ 654. ಸರಾಸರಿ 0.05 ಏರಿದರೆ ಒಟ್ಟಿನಲ್ಲಿ 3 ಅಂಕ. ಮೇಲಿನ ಹಂತದಲ್ಲಿ ಫೈನಲ್‌ನ ಎಂಟು ಜನರೊಳಗೆ ಬರುವುದು, ಹೊರಗುಳಿಯುವುದು ಅದಕ್ಕಿಂತ ಕಡಿಮೆ ಅಂತರದಲ್ಲೇ ತೀರ್ಮಾನವಾಗುತ್ತದೆ. ಪೆಲೆಟ್‌ನ ಒಳ್ಳೆಯ ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾಗಿ ಒಂದೇ ನಂಬರ್ ಪಡೆದ ಕಂತು, ಕೊಡುವುದು ಇಂಥ ಸಣ್ಣ ಲಾಭವನ್ನೇ.

ಆದರೆ ಆ ಲಾಭ ಎಲ್ಲರಿಗೂ ಸಿಗುವುದಿಲ್ಲ. ಕಲಿಯುವ ಹಂತದ ಹುಡುಗನ ಗುಂಡುಗಳು 8, 9, 10 ಎಂದು ಚೆದುರುತ್ತಿದ್ದರೆ ಅದು ಅವನ ನಿಲುವು, ಉಸಿರು, ಟ್ರಿಗರ್‌ನ ತಪ್ಪು. ಪೆಲೆಟ್ ತರುವ ಅರ್ಧ ಮಿಲಿಮೀಟರ್ ವ್ಯತ್ಯಾಸ ಅದರಲ್ಲಿ ಕರಗಿಹೋಗುತ್ತದೆ. ನಮ್ಮ ಅಭಿಪ್ರಾಯ ಇಷ್ಟು: 600ರ ಕೆಳಗಿರುವವರು ತರಬೇತಿ ದರ್ಜೆಯ ಪೆಲೆಟ್ ಬಳಸಲಿ, ಉಳಿದ ದುಡ್ಡಲ್ಲಿ ಇನ್ನಷ್ಟು ಡಬ್ಬಿ ತಂದು ಇನ್ನಷ್ಟು ಹೊಡೆಯಲಿ. 615 ದಾಟಿದ ಮೇಲೆ ಲಾಟ್ ಪರೀಕ್ಷೆ ಮಾಡದೆ ಇರುವುದು ಅಂಕವನ್ನು ರೇಂಜ್‌ನಲ್ಲೇ ಬಿಟ್ಟು ಬಂದ ಹಾಗೆ.

ತರಬೇತಿ ದರ್ಜೆಯಲ್ಲಿ ಜರ್ಮನಿಯ ಎಚ್ ಅಂಡ್ ಎನ್ ಸ್ಪೋರ್ಟ್, 0.53 ಗ್ರಾಂ, ನಂಬಿ ಕೊಳ್ಳಬಹುದಾದ್ದು. ಒಂದು ಡಬ್ಬಿಯೊಳಗೆ ಸ್ಕರ್ಟ್, ಅಂದರೆ ಹಿಂಬದಿಯ ತೆಳು ಅಂಚು, ಬಗ್ಗಿದವು ಕೆಲವು ಸಿಗುತ್ತವೆ, ಅವನ್ನು ಆರಿಸಿ ತೆಗೆಯಬೇಕು. ಆರ್‌ಡಬ್ಲ್ಯುಎಸ್ ಮೈಸ್ಟರ್‌ಕುಗೆಲ್ನ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ರೈಫಲ್‌ಗೆ 0.53, ಪಿಸ್ತೂಲ್‌ಗೆ 0.45 ಗ್ರಾಂ ಎರಡೂ ಸಿಗುತ್ತದೆ, ಡಬ್ಬಿ ನೋಡಿಯೇ ತೆಗೆದುಕೊಳ್ಳಿ. ಜಿಲ್ಲಾ ಮಟ್ಟದ ಸ್ಪರ್ಧೆಗೆ ಇದು ಧಾರಾಳವಾಗಿ ಸಾಕು. ಹಣಕ್ಕೆ ತಕ್ಕ ಮೌಲ್ಯ ಎಂದು ಒಂದನ್ನೇ ಹೆಸರಿಸಬೇಕಾದರೆ ನಾವು ಹೆಸರಿಸುವುದು ಇದನ್ನೇ.

ಮ್ಯಾಚ್ ದರ್ಜೆಯಲ್ಲಿ ನಾಲ್ಕು ಹೆಸರು ಮುಖ್ಯ: ಆರ್‌ಡಬ್ಲ್ಯುಎಸ್ ಆರ್10 ಮ್ಯಾಚ್, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೆಕ್ ದೇಶದ ಜೆಎಸ್‌ಬಿ ಮ್ಯಾಚ್, ಚೀನಾದ ಕ್ಯೂವೈಎಸ್. ಎಲ್ಲವೂ ರೈಫಲ್‌ಗೆ 0.53 ಗ್ರಾಂ ಸುತ್ತಮುತ್ತ. ಆರ್10ರ ಗುಣ ಡಬ್ಬಿಯಿಂದ ಡಬ್ಬಿಗೆ ಹೆಚ್ಚು ಏರುಪೇರಾಗುವುದಿಲ್ಲ, ಹಾಗಾಗಿ ಪರೀಕ್ಷೆಗೆ ಅನುಕೂಲವಿಲ್ಲದವರು ಕಣ್ಣುಮುಚ್ಚಿ ಒಂದನ್ನು ಆರಿಸುವುದಾದರೆ ಇದೇ ಸುರಕ್ಷಿತ. ಫಿನಾಲೆ ಮ್ಯಾಚ್‌ನ ಬಲ ಅದರ ಹೆಡ್ ಸೈಜ್, ಅಂದರೆ ಪೆಲೆಟ್ ತಲೆಯ ವ್ಯಾಸದ ಆಯ್ಕೆ: 4.49, 4.50, 4.51 ಮಿ.ಮೀ. ನಿಮ್ಮ ಬ್ಯಾರೆಲ್‌ಗೆ ಸರಿಯಾದ ಸೈಜ್ ಸಿಕ್ಕಿತೆಂದರೆ ಆರ್10 ಅನ್ನು ಹಿಂದಿಕ್ಕುತ್ತದೆ. ತಪ್ಪು ಸೈಜ್ ಆದರೆ ಮೈಸ್ಟರ್‌ಕುಗೆಲ್ನ್‌ಗಿಂತಲೂ ಹಿಂದೆ ಬೀಳುತ್ತದೆ. ಕ್ಯೂವೈಎಸ್ ಪೆಲೆಟ್‌ಗಳು ಕೈಗೆ ಬಂದಾಗಲೇ ಶುಭ್ರ, ಸ್ಕರ್ಟ್ ಬಗ್ಗಿದ್ದು ಅಪರೂಪ. ಜೆಎಸ್‌ಬಿ ಹಗುರ ತೂಕದಲ್ಲೂ ಬರುವುದರಿಂದ ಲೇಬಲ್ ಓದದೆ ತಂದರೆ ಮೋಸಹೋಗುತ್ತೀರಿ.

ತೂಕ ತಪ್ಪಿದರೆ ಏನಾಗುತ್ತದೆ? ರೈಫಲ್ ಒಂದೇ, ಶಕ್ತಿಯೂ ಒಂದೇ ಎಂದಿಟ್ಟುಕೊಳ್ಳಿ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ 10 ಮೀಟರ್‌ನಲ್ಲಿ ಗುರುತ್ವದಿಂದ ಸುಮಾರು 17 ಮಿ.ಮೀ. ಇಳಿಯುತ್ತದೆ. 0.45ರದು 185ರ ಹತ್ತಿರ ಹೋಗಿ ಸುಮಾರು 14.5 ಮಿ.ಮೀ. ಇಳಿಯುತ್ತದೆ. ಎರಡೂವರೆ ಮಿ.ಮೀ. ವ್ಯತ್ಯಾಸ ಎಂದರೆ ಪೂರ್ತಿ ಒಂದು ರಿಂಗ್. ಒಂದೇ ಡಬ್ಬಿಯಲ್ಲೂ ಈ ಲೆಕ್ಕ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ತೂಕದಲ್ಲಿ ಶೇ. 1, ಅಂದರೆ 0.005 ಗ್ರಾಂ ಹೆಚ್ಚುಕಡಿಮೆಯಾದರೆ ಗುಂಡು 0.17 ಮಿ.ಮೀ.ನಷ್ಟು ಮೇಲೆ ಕೆಳಗೆ ಆಗುತ್ತದೆ. ಅದೊಂದೇ ಆದರೆ ಚಿಂತೆಯಿಲ್ಲ. ವೇಗವೇ ಗುಂಡಿನಿಂದ ಗುಂಡಿಗೆ 2 ಮೀಟರ್ ಏರಿಳಿದರೆ 0.4 ಮಿ.ಮೀ., ಅಂದರೆ ಒಂದೂವರೆ ದಶಾಂಶ ಹೋಯಿತು. ಹಾಗಾಗಿ ಮನೆಯಲ್ಲಿ ಪೆಲೆಟ್ ತೂಗುತ್ತ ಕೂರುವವರಿಗೆ ಒಂದು ಮಾತು: 0.01 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಿಂದ ಏನೂ ತಿಳಿಯುವುದಿಲ್ಲ. 0.001 ಗ್ರಾಂ ತೋರಿಸುವ ಚಿನ್ನದ ಕೆಲಸದವರ ತಕ್ಕಡಿ ಬೇಕು. ಜವೇರಿ ಬಜಾರ್ ಕಡೆ ವಿಚಾರಿಸಿದರೆ ಸಿಗುತ್ತದೆ. ಗಾಳಿ ತಾಗದಂತೆ ಮುಚ್ಚಳವಿರಲಿ, ಫ್ಯಾನ್ ಆರಿಸಿ ತೂಗಿ. ಮ್ಯಾಚ್ ದರ್ಜೆಗೆ ಅಷ್ಟು ಶ್ರಮ ಬೇಡ, ತಯಾರಕರೇ ಆ ಕೆಲಸ ಮಾಡಿರುತ್ತಾರೆ.

ಈಗ ಲಾಟ್ ಪರೀಕ್ಷೆ. ಒಂದೇ ಬ್ರಾಂಡ್, ಒಂದೇ ಹೆಡ್ ಸೈಜ್, ಬೇರೆ ಲಾಟ್ ಆದರೆ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು, ಬದಲಾಗುತ್ತದೆ. ಅಚ್ಚು ಸವೆಯುತ್ತದೆ, ಅಚ್ಚು ಬದಲಿಸುತ್ತಾರೆ, ಸೀಸದ ಮಿಶ್ರಣ ಒಂದಿಷ್ಟು ಬೇರೆಯಾಗುತ್ತದೆ. ಬ್ಯಾರೆಲ್‌ಗಳೂ ಹಾಗೆಯೇ. ಒಂದೇ ಮಾಡೆಲ್‌ನ ಎರಡು ವಾಲ್ಥರ್ ರೈಫಲ್‌ಗಳಿಗೆ ಒಂದೇ ಲಾಟ್ ಹಿಡಿಸಬೇಕೆಂದಿಲ್ಲ. ಪಕ್ಕದ ಲೇನ್‌ನ ಹುಡುಗಿ ಚೆನ್ನಾಗಿ ಹೊಡೆಯುತ್ತಾಳೆ ಎಂದು ಅವಳ ಡಬ್ಬಿಯ ಹೆಸರು ಬರೆದುಕೊಂಡು ಹೋಗಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ರೈಫಲ್ ಜೊತೆ ಕಾರ್ಖಾನೆಯಿಂದ ಬಂದ ಟೆಸ್ಟ್ ಕಾರ್ಡ್ ಇದ್ದರೆ ಅದರಲ್ಲಿ ಯಾವ ಪೆಲೆಟ್, ಯಾವ ಸೈಜ್‌ನಲ್ಲಿ ಹೊಡೆದರು ಎಂದು ಬರೆದಿದೆಯೇ ನೋಡಿ. ಬರೆದಿದ್ದರೆ ಅಲ್ಲಿಂದಲೇ ಶುರುಮಾಡಿ.

ನಮ್ಮ ಕಡೆಯ ದೊಡ್ಡ ಕಷ್ಟ ಸರಬರಾಜು. ಆಮದು ಮಾಲು ಕಂತಿನಲ್ಲಿ ಬರುತ್ತದೆ. ಒಂದು ಡಬ್ಬಿ ತಂದು, ಚೆನ್ನಾಗಿದೆ ಎಂದು ತಿಂಗಳ ನಂತರ ಹೋದರೆ ಆ ಲಾಟ್ ಮುಗಿದಿರುತ್ತದೆ. ಅದಕ್ಕೆ ಉಪಾಯ: ಒಂದೇ ಅಕಾಡೆಮಿಯ ಮೂರು ನಾಲ್ಕು ಮನೆಯವರು ಸೇರಿ, ಹೊಸ ಮಾಲು ಬಂದ ವಾರವೇ ಬೇರೆಬೇರೆ ಲಾಟ್‌ನ ತಲಾ ಒಂದು ಡಬ್ಬಿ ತನ್ನಿ, ಹಂಚಿಕೊಂಡು ಪರೀಕ್ಷೆ ಮಾಡಿ, ಅದೇ ವಾರ ಬೇಕಾದ ಲಾಟ್ ಕಾಯ್ದಿರಿಸಿ. ಡಬ್ಬಿಯ ಮೇಲಿನ ಲಾಟ್ ನಂಬರ್ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಂಬರ್ ಇರುವ ಸ್ಟಿಕ್ಕರ್ ಕಿತ್ತ ಡಬ್ಬಿ, ಮುಚ್ಚಳದ ಟೇಪ್ ಬಿಚ್ಚಿದ ಡಬ್ಬಿ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ.

ಪರೀಕ್ಷೆಗೆ ರೈಫಲ್ ಹಿಡಿದಿಡುವ ವೈಸ್ ಇರುವ ರೇಂಜ್ ಸಿಕ್ಕರೆ ಉತ್ತಮ. ಇಲ್ಲದಿದ್ದರೆ ಮೇಜಿನ ಮೇಲೆ ಮರಳಿನ ಚೀಲ, ಕುರ್ಚಿಯಲ್ಲಿ ಕೂತು, ರೈಫಲ್‌ನ ಮುಂಭಾಗ ಚೀಲದ ಮೇಲಿಟ್ಟು ಹೊಡೆಯಬಹುದು. ಬ್ಯಾರೆಲ್ ಚೀಲಕ್ಕೆ ತಾಗಬಾರದು. ಐದು ಗುಂಡಿನ ಒಂದು ಗ್ರೂಪ್ ನೋಡಿ ತೀರ್ಮಾನಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಐದು ಗುಂಡಲ್ಲಿ ಅದೃಷ್ಟವೂ ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ಒಂದೊಂದು ಲಾಟ್‌ಗೆ ಹತ್ತು ಗುಂಡಿನ ಐದು ಗ್ರೂಪ್ ಬೇಕು. ಒಂದು ಲಾಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಮೊದಲನೆಯದರ ಒಂದು ಗ್ರೂಪ್, ಎರಡನೆಯದರ ಒಂದು, ಮೂರನೆಯದರ ಒಂದು, ಮತ್ತೆ ಮೊದಲನೆಯದು ಎಂದು ಸುತ್ತು ಹೊಡೆಯಿರಿ. ಆಗ ಶೂಟರ್‌ನ ಆಯಾಸ ಎಲ್ಲ ಲಾಟ್‌ಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಪೆಲೆಟ್ ಬದಲಿಸಿದ ಕೂಡಲೇ ಹಲವು ಗುಂಡುಗಳನ್ನು ಬೇರೆ ಕಾರ್ಡ್‌ಗೆ ಹೊಡೆದು ಬಿಡಿ, ಬ್ಯಾರೆಲ್ ಹೊಸ ಸೀಸಕ್ಕೆ ಹೊಂದಿಕೊಳ್ಳಲಿ.

ಅಳೆಯುವುದಕ್ಕೆ ಡಿಜಿಟಲ್ ವರ್ನಿಯರ್ ಸಾಕು. ಗ್ರೂಪ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಒಂದು ತೂತಿನ ವ್ಯಾಸ ಕಳೆಯಿರಿ. 4.5 ಎಂದೇ ಕಳೆಯಬೇಡಿ. ಕಾರ್ಡ್‌ನ ನಾರು ಗುಂಡು ಹೋದ ಮೇಲೆ ಒಳಕ್ಕೆ ಮರಳುವುದರಿಂದ ತೂತು ಪೆಲೆಟ್‌ಗಿಂತ ಕಿರಿದಾಗಿ ಕಾಣುತ್ತದೆ. ಅದೇ ಕಾರ್ಡ್‌ನ ಮೂಲೆಗೆ ಒಂಟಿ ಗುಂಡು ಹೊಡೆದು ಆ ತೂತನ್ನೇ ಅಳೆದು ಕಳೆಯಿರಿ. ಝೆರಾಕ್ಸ್ ಕಾಗದದಲ್ಲಿ ಈ ಪರೀಕ್ಷೆ ಆಗದು, ಸ್ಪರ್ಧೆಯ ಕಾರ್ಡೇ ಬೇಕು. ಕಳೆದು ಉಳಿದದ್ದು 2.5 ಮಿ.ಮೀ. ಆದರೆ, ಗ್ರೂಪ್ ನಡುವಿಗೆ ಕೂತಾಗ ಗುಂಡುಗಳೆಲ್ಲ 10.5ರ ಆಸುಪಾಸು ಅಥವಾ ಅದಕ್ಕೂ ಒಳಗೆ. ಅದು ತುಂಬ ಒಳ್ಳೆಯ ಲಾಟ್, ಆ ಲಾಟ್ ಎಷ್ಟು ಸಿಕ್ಕರೆ ಅಷ್ಟು ಕೊಳ್ಳಿ. 5 ಮಿ.ಮೀ. ಉಳಿದರೆ ಶೂಟರ್ ಒಂದೂ ತಪ್ಪು ಮಾಡದಿದ್ದರೂ ಅಂಚಿನ ಗುಂಡುಗಳು 10.0ಕ್ಕೆ ಇಳಿಯುತ್ತವೆ. ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಎರಡು ಲಾಟ್‌ಗಳ ಸರಾಸರಿ ಹತ್ತಿರಹತ್ತಿರ ಇದ್ದರೆ, ಅತಿ ಕೆಟ್ಟ ಗ್ರೂಪ್ ಯಾವುದರದು ಚಿಕ್ಕದೋ ಅದನ್ನು ಆರಿಸಿ.

ಎಷ್ಟು ಕೊಳ್ಳಬೇಕು? ಸೈಟರ್, ಅಂದರೆ ಅಂಕಕ್ಕೆ ಸೇರದ ಮೊದಲ ಹೊಂದಾಣಿಕೆ ಗುಂಡುಗಳು, ಸೇರಿ ಒಂದು ದಿನಕ್ಕೆ 80 ಗುಂಡು, ವಾರಕ್ಕೆ ನಾಲ್ಕು ದಿನ ಎಂದರೆ 320. ವರ್ಷಕ್ಕೆ 16,640. ಡಬ್ಬಿಗೆ 500ರಂತೆ 33ಕ್ಕೂ ಮೇಲೆ. ಇಷ್ಟೂ ಮ್ಯಾಚ್ ದರ್ಜೆಯದೇ ಆಗಬೇಕಿಲ್ಲ. ಆರೇಳು ಡಬ್ಬಿ ಪರೀಕ್ಷೆ ಮಾಡಿದ ಲಾಟ್, ಉಳಿದದ್ದು ಮೈಸ್ಟರ್‌ಕುಗೆಲ್ನ್ ಅಥವಾ ಸ್ಪೋರ್ಟ್. ಆದರೆ ಸ್ಪರ್ಧೆಗೆ ಮೂರು ವಾರ ಇರುವಾಗಲೇ ಮ್ಯಾಚ್ ಪೆಲೆಟ್‌ಗೆ ಬದಲಾಗಿ, ಸೈಟ್‌ನ ಕ್ಲಿಕ್ ಮತ್ತೆ ಹೊಂದಿಸಿಕೊಳ್ಳಿ. ಸ್ಪರ್ಧೆಯ ಬೆಳಿಗ್ಗೆ ಡಬ್ಬಿ ಬದಲಿಸುವುದು ಬೇಡವೇ ಬೇಡ.

ಸಂಗ್ರಹದ ವಿಷಯದಲ್ಲಿ ಮುಂಬಯಿ ಮತ್ತು ಗೋವಾದವರು ಪುಣೆಯವರಿಗಿಂತ ಹೆಚ್ಚು ಜಾಗ್ರತೆ ವಹಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ತೇವಕ್ಕಿಂತ ದೊಡ್ಡ ಶತ್ರು ಪ್ಲೈವುಡ್ ಕಪಾಟು. ಮರ ಮತ್ತು ಅಂಟು ಬಿಡುವ ಆಮ್ಲದ ಆವಿ ಸೀಸವನ್ನು ಬೇಗ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್‌ನ ಬಣ್ಣ ತಿರುಗಿದಾಗ ಬದಲಿಸಿ. ಬಿಳಿ ಪುಡಿ ಕಂಡ ಪೆಲೆಟ್ ತೊಳೆದು ಬಳಸುವ ಯೋಚನೆ ಬೇಡ. ಆ ಪುಡಿ ವಿಷ, ಬಾಯಿಂದ ಊದಲೂಬಾರದು. ಹೊಸ ಪೆಲೆಟ್‌ಗೆ ಎಣ್ಣೆ ಸವರಿ ಇಡುವ ಅಭ್ಯಾಸವನ್ನೂ ಬಿಡಿ. ಎಣ್ಣೆ ಧೂಳನ್ನು ಹಿಡಿಯುತ್ತದೆ, ವೇಗವನ್ನು ಏರುಪೇರು ಮಾಡುತ್ತದೆ, ಸ್ಪ್ರಿಂಗ್ ಪಿಸ್ಟನ್ ರೈಫಲ್ ಆದರೆ ಒಳಗೆ ಹೊತ್ತಿಕೊಂಡು ಸೀಲ್ ಹಾಳುಮಾಡುತ್ತದೆ.

ಸ್ಕರ್ಟ್ ಎಷ್ಟು ಮೃದು ಅನ್ನುವುದನ್ನು ಒಂದು ಪೆಲೆಟ್ ಕೈಯಲ್ಲಿ ಹಿಡಿದೇ ನೋಡಿ. ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದರೆ ಅಂಚು ಪೂರ್ಣ ವೃತ್ತ. ಹೆಬ್ಬೆರಳು ತೋರುಬೆರಳ ನಡುವೆ ಸ್ವಲ್ಪ ಒತ್ತಿದರೆ ಸಾಕು, ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಿಂದಿನಿಂದ ಗಾಳಿ ನುಗ್ಗಿದಾಗ ಅದೇ ಅಂಚು ಅರಳಿ ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳಿಗೆ ಅಂಟಿಕೊಂಡು ಗಾಳಿ ಸೋರದಂತೆ ತಡೆಯಬೇಕು. ಬಗ್ಗಿದ ಅಂಚು ಒಂದು ಬದಿ ಮೊದಲು ಅಂಟುತ್ತದೆ, ಪೆಲೆಟ್ ಬ್ಯಾರೆಲ್ ಬಿಡುವಾಗಲೇ ವಾಲುತ್ತದೆ. ಆದ್ದರಿಂದ ಡಬ್ಬಿಯಿಂದ ಅಂಗೈಗೆ ಸುರಿದುಕೊಳ್ಳಬೇಡಿ. ಒಂದೊಂದೇ ತಲೆ ಹಿಡಿದು ಎತ್ತಿ. ಬಿದ್ದ ಪೆಲೆಟ್ ಸ್ಪರ್ಧೆಗೆ ಬೇಡ. ಲೋಕಲ್‌ನಲ್ಲಿ, ಬಸ್ಸಿನಲ್ಲಿ ಓಡಾಡುವವರು ಡಬ್ಬಿಯೊಳಗಿನ ಖಾಲಿ ಜಾಗಕ್ಕೆ ಸ್ಪಾಂಜ್ ತುಂಬಿ. ಅರ್ಧ ಖಾಲಿಯಾದ ಡಬ್ಬಿ ಕುಲುಕಾಡಿದಷ್ಟೂ ಸ್ಕರ್ಟ್‌ಗಳು ಒಂದಕ್ಕೊಂದು ಬಡಿದು ಬಗ್ಗುತ್ತವೆ.

ಒಳ್ಳೆಯ ಲಾಟ್ ಇದ್ದಕ್ಕಿದ್ದಂತೆ ಕೆಟ್ಟಿತು ಅನ್ನಿಸಿದರೆ ಪೆಲೆಟ್ ಮೇಲೆ ತಪ್ಪು ಹೊರಿಸುವ ಮೊದಲು ಬ್ಯಾರೆಲ್ ನೋಡಿ. ಸೀಸ ಕೂತಿರುತ್ತದೆ. ಫೆಲ್ಟ್ ತುಣುಕುಗಳಿಂದ ಒರೆಸಿ, ಆಮೇಲೆ ಹತ್ತು ಹದಿನೈದು ಗುಂಡು ಹೊಡೆದ ನಂತರವೇ ಗ್ರೂಪ್ ಮರಳುತ್ತದೆ. ಹಾಗಾಗಿ ಸ್ಪರ್ಧೆಯ ಹಿಂದಿನ ರಾತ್ರಿ ಬ್ಯಾರೆಲ್ ಒರೆಸಬೇಡಿ. ಗುಂಡುಗಳು ಮೇಲೆ ಕೆಳಗೆ ಮಾತ್ರ ಚೆದುರಿದರೆ ರೈಫಲ್‌ನ ಗಾಳಿ ಸಿಲಿಂಡರ್‌ನ ಒತ್ತಡ, ಆ ಒತ್ತಡವನ್ನು ಪ್ರತಿ ಗುಂಡಿಗೂ ಸಮನಾಗಿ ಇಡುವ ರೆಗ್ಯುಲೇಟರ್ ಪರೀಕ್ಷಿಸಿ. ಸಾಮಾನ್ಯ ಸಿಲಿಂಡರ್ 200 ಬಾರ್‌ಗೆ. ಬೇಗ ತುಂಬಿದರೆ ಬಿಸಿಯಾಗಿ ಮುಳ್ಳು 200 ತೋರಿಸುತ್ತದೆ, ಆರಿದ ಮೇಲೆ ಇಳಿಯುತ್ತದೆ. ನಿಧಾನವಾಗಿ ತುಂಬಿ. ಒಣಗಿದ ಶುದ್ಧ ಗಾಳಿ ಮಾತ್ರ, ಆಮ್ಲಜನಕ ಎಂದಿಗೂ ಬೇಡ, ಅದು ಸಿಡಿಯುತ್ತದೆ. ಮಳೆಗಾಲದಲ್ಲಿ ಕಂಪ್ರೆಸರ್‌ನ ತೇವ ಹೀರುವ ಫಿಲ್ಟರ್ ಬದಲಿಸದ ಕಡೆ ತುಂಬಿಸಿದರೆ ರೆಗ್ಯುಲೇಟರ್‌ಗೆ ನೀರು ಹೋಗುತ್ತದೆ. ಸಿಲಿಂಡರ್ ಮೇಲೆ ಕೆತ್ತಿದ ಅವಧಿಯ ದಿನಾಂಕವನ್ನೂ ನೋಡಿಕೊಳ್ಳಿ, ಅದು ಮೀರದಂತೆ ನೋಡಿಕೊಳ್ಳುವ ಹೊಣೆ ಶೂಟರ್‌ನದೇ.

ಮಕ್ಕಳ ವಿಷಯದಲ್ಲಿ ರಾಜಿ ಬೇಡ: ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳಬಾರದು, ಲೇನ್‌ನಲ್ಲಿ ತಿಂಡಿ ತಿನ್ನಬಾರದು, ಅಭ್ಯಾಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಬೇಕು. ಮನೆಯಲ್ಲಿ ಅಭ್ಯಾಸದ ಲೇನ್ ಮಾಡಿಕೊಂಡವರು ಗುಂಡು ಹಿಡಿಯುವ ಪೆಟ್ಟಿಗೆಯ (ಪೆಲೆಟ್ ಟ್ರ್ಯಾಪ್) ಸುತ್ತ ಪೊರಕೆಯಿಂದ ಗುಡಿಸಬೇಡಿ, ಸೀಸದ ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಏರ್ ಪಿಸ್ತೂಲ್‌ನವರಿಗೆ ಇದರಲ್ಲಿ ಅರ್ಧ ಸಾಕು. ಪಿಸ್ತೂಲ್ ಟಾರ್ಗೆಟ್‌ನ 10ರ ರಿಂಗ್ 11.5 ಮಿ.ಮೀ., ಅಲ್ಲಿ ಲಾಟ್‌ನ ಸಣ್ಣ ವ್ಯತ್ಯಾಸ ಅಂಕವಾಗಿ ಕಾಣಿಸುವುದು ಕಡಿಮೆ. 0.45 ಅಥವಾ 0.49 ಗ್ರಾಂನ ಯಾವುದಾದರೂ ಮ್ಯಾಚ್ ಪೆಲೆಟ್ ತೆಗೆದುಕೊಂಡು, ಉಳಿದ ದುಡ್ಡನ್ನು ಕೈಗೆ ಸರಿಯಾಗಿ ಕೂರುವ ಹಿಡಿಕೆ ಮಾಡಿಸುವುದಕ್ಕೆ ಇಟ್ಟುಕೊಳ್ಳಿ.